ಎಮ್ಮೆಗೆ ಕಟ್ಟಿದ ಗಾಳದ ಕೋಲು

ಹರಿಹರದ ಗುತ್ತೆಪ್ಪನನ್ನು ಕಾರವಾರದ ಅಳಿಯ ಕಡಲಲ್ಲಿ ಆಳೆತ್ತರದ ಮೀನು ಹಿಡಿಯಲು ಕರೆದಿದ್ದ. ಗುತ್ತೆಪ್ಪ ಹತ್ತಿ ಗಿರಣಿಗೆ ರಜೆ ಹಾಕಿ, ದಾವಣಗೆರೆಯಲ್ಲಿ ಮುಂಬಯಿ ಮಾಲು ಮಾರುವ ಅಂಗಡಿಗೆ ಹೋಗಿ, ಗಾಳದ ಕೋಲುಗಳನ್ನೆಲ್ಲ ಬಗ್ಗಿಸಿ, ದಾರ ಸುತ್ತುವ ರೀಲುಗಳನ್ನೆಲ್ಲ ತಿರುಗಿಸಿ, ಅಂಗಡಿಯವನ ತಲೆ ತಿಂದು ಒಂದು ಜೋಡಿ ಆರಿಸಿದ. ಆದರೂ ನಂಬಿಕೆ ಬರಲಿಲ್ಲ. ಊರಿಗೆ ಬಂದು, ಪರೀಕ್ಷೆಗೆಂದು, ಹೊಳೆಯಲ್ಲಿ ಮಲಗಿದ್ದ ತನ್ನ ಎಮ್ಮೆಯ ಕೊರಳ ಹಗ್ಗಕ್ಕೆ ದಾರ ಕಟ್ಟಿ, ರೀಲು ಬಿಗಿ ಮಾಡಿ, ದಂಡೆಯಲ್ಲಿ ಕಾಲೂರಿ ನಿಂತು ಅದನ್ನು ಗದರಿಸಿ ಎಬ್ಬಿಸಿದ.

ಎಮ್ಮೆ ಆಚೆ ದಡಕ್ಕೆ ಹೊರಟಿತು. ಕೋಲು ಬಾಗಿತು, ಮುರಿಯಲಿಲ್ಲ. ದಾರವೂ ಹರಿಯಲಿಲ್ಲ. ಗುತ್ತೆಪ್ಪ ಮಾತ್ರ ಮಕಾಡೆ ಬಿದ್ದು, ಕೋಲು ಬಿಡದೆ ನಡುನೀರಿನವರೆಗೂ ಎಮ್ಮೆಯ ಹಿಂದೆ ಹೋದ.

ಮೀಸೆ ಹಿಂಡುತ್ತ ಮೇಲೆ ಬಂದವನು, "ನೋಡಿದ್ಯಾ, ಎಂಥಾ ಕೋಲು ಆರಿಸೀನಿ" ಅಂದ.

ಅಲ್ಲೇ ಬಟ್ಟೆ ಒಗೆಯುತ್ತಿದ್ದ ಹೆಂಡತಿ ದುರುಗವ್ವ ತಲೆ ಎತ್ತಲಿಲ್ಲ. "ಕೋಲು ಚಲೋ ಐತೆ. ಇನ್ನು ಅದನ್ನ ಹಿಡಿಯಾಕೆ ಒಂದು ಆಳು ಆರಿಸ್ರಿ."