ಎರಡು ಹಲಗೆ, ಒಂದು ಬಿಜಾಗರಿ

ಮಳೆಗಾಲ ಕಳೆದು ಮೊದಲ ಗಟ್ಟಿ ಬಿಸಿಲು ಬಿದ್ದಾಗ ಕಾರವಾರದ ಮನೆಗಳಲ್ಲಿ ಗಾದಿ, ರೇಶ್ಮೆ ಸೀರೆ, ಹಳೆಯ ಕಾಗದಪತ್ರ ಎಲ್ಲವೂ ಅಂಗಳಕ್ಕೆ ಬರುತ್ತವೆ. ಹೋದ ವಾರ ನಾನೂ ಅಟ್ಟದಿಂದ ಒಂದು ಉದ್ದನೆಯ ಪೆಟ್ಟಿಗೆ ಇಳಿಸಿ ತೆರೆದೆ. ಮುಗ್ಗಲು ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಒಳಗಿದ್ದ ಟೆಲಿಸ್ಕೋಪಿನ ಗಾಜಿನ ಮೇಲೆ ಬೂಷ್ಟು ಬೇರು ಬಿಟ್ಟಿತ್ತು. ಉಪ್ಪುಗಾಳಿಗೆ ವಸ್ತುವಿನ ಬೆಲೆ ಗೊತ್ತಾಗುವುದಿಲ್ಲ, ನೋಡಿ. ದುಬಾರಿ ಗಾಜನ್ನೂ ಅಗ್ಗದ ಗಾಜನ್ನೂ ಅದು ಒಂದೇ ಹಸಿವಿನಿಂದ ತಿನ್ನುತ್ತದೆ. ಒರೆಸುವ ಬಟ್ಟೆ ಹಿಡಿದು ಕೂತೆನಾದರೂ ಕೈ ಮುಂದೆ ಸಾಗಲಿಲ್ಲ. ಹಿಲ್ಲೂರಿನ ಶಾಲೆಯ ಶಿಕ್ಷಕಿ ಸುಮಿತ್ರಾ ಅಕ್ಕೋರ ನೆನಪಾಯಿತು. ಅವರಿಗೆ ನಾನು ಮಾಡಿದ ಅನ್ಯಾಯದ ನೆನಪಾಯಿತು ಎಂದರೆ ಹೆಚ್ಚು ಸರಿ.

ಎರಡು ಸಾವಿರದ ನಾಲ್ಕೋ ಐದೋ ಇಸವಿ ಇರಬೇಕು. ನಾನಾಗ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದೆ. ಕೆಲಸ ಅಣುವಿದ್ಯುತ್ ಸ್ಥಾವರದ ಉಪಕರಣಗಳ ವಿಭಾಗದಲ್ಲಿ. ಹಗಲೆಲ್ಲ ಮೀಟರುಗಳ ಮುಳ್ಳು ನೋಡುವುದು, ರಾತ್ರಿ ಆಕಾಶ ನೋಡುವುದು. ಹೊರದೇಶದಲ್ಲಿದ್ದ ಭಾವನಿಗೆ ದುಂಬಾಲು ಬಿದ್ದು ಈ ಟೆಲಿಸ್ಕೋಪ್ ತರಿಸಿದ್ದೆ. ಅದರ ಕಾಲಿಗೆ ಮೋಟಾರು. ಭೂಮಿ ತಿರುಗಿದಷ್ಟೇ ನಿಧಾನವಾಗಿ ಅದೂ ತಿರುಗಿ ನಕ್ಷತ್ರದ ಬೆನ್ನು ಹಿಡಿಯುತ್ತಿತ್ತು. ಆ ದುಡ್ಡಿಗೆ ಒಂದು ಸ್ಕೂಟರ್ ಬರುತ್ತಿತ್ತು ಎಂದು ಹೆಂಡತಿ ಒಮ್ಮೆ ಮಾತ್ರ ಹೇಳಿದಳು. ಆಮೇಲೆ ಬಸ್ಸಿಗೆ ಕಾಯುವಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು. ಕಾಲನಿಯವರು ಚಂದ್ರನನ್ನು ನೋಡಲು ಬಂದರೆ ಅರ್ಧ ಗಂಟೆ ಉಪಕರಣದ ಗುಣಗಾನ ಕೇಳಿಯೇ ನೋಡಬೇಕು. ಅದಕ್ಕೆ ಕ್ಯಾಮೆರಾ ಜೋಡಿಸಿ ಫೋಟೊ ತೆಗೆಯುವುದು ನನ್ನ ಹುಚ್ಚು. ಆದರೆ ಬಂದ ಫೋಟೊಗಳು ಅಷ್ಟಕ್ಕಷ್ಟೇ. ಕಾಲನಿಯ ದೀಪಗಳನ್ನು ಬಯ್ಯುತ್ತಿದ್ದೆ, ಫಿಲ್ಮನ್ನು ಬಯ್ಯುತ್ತಿದ್ದೆ. ನನ್ನ ಆಲ್ಬಮ್ಮಿನಲ್ಲಿ ಆಕಾಶದ ಫೋಟೊಗಳಿಗಿಂತ ಟೆಲಿಸ್ಕೋಪಿನ ಪಕ್ಕ ನಾನು ನಿಂತ ಫೋಟೊಗಳೇ ಹೆಚ್ಚಿದ್ದವು.

ಇಂಥವನನ್ನು ಅಂಕೋಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನನ್ನಾಗಿ ಕರೆದರು. ಡಿಸೆಂಬರ್ ತಿಂಗಳು. ಹೊಗೆ ಉಗುಳುವ ಮಣ್ಣಿನ ಜ್ವಾಲಾಮುಖಿ, ಗಾಳಿಗೆ ತಿರುಗುವ ರಟ್ಟಿನ ಪಂಖ ಎಲ್ಲ ನೋಡುತ್ತ ಕೊನೆಗೆ ಶಿಕ್ಷಕರ ವಿಭಾಗಕ್ಕೆ ಬಂದೆ. ಅಲ್ಲಿ ಒಂದು ಮೇಜಿನ ಮೇಲೆ ಮಹಾವ್ಯಾಧ ನಕ್ಷತ್ರಪುಂಜದ ದೊಡ್ಡ ಫೋಟೊ. ನಡುಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ, ಬರಿಗಣ್ಣಿಗೆ ಮಬ್ಬಾಗಿ ಮಾತ್ರ ಕಾಣುವ ನೀಹಾರಿಕೆ ಗುಲಾಬಿ ಬಣ್ಣದಲ್ಲಿ ಅರಳಿತ್ತು. ಸುತ್ತ ಎಣಿಸಲಾಗದಷ್ಟು ನಕ್ಷತ್ರಗಳು, ಪ್ರತಿಯೊಂದೂ ಸೂಜಿ ಚುಚ್ಚಿದಂಥ ಚುಕ್ಕೆ. ನನ್ನ ಎದೆಯೊಳಗೆ ಏನೋ ಉರಿಯಿತು. ಆಗ ಅದಕ್ಕೆ ಸಂಶಯ ಎಂದು ಹೆಸರಿಟ್ಟೆ. ಅದು ಹೊಟ್ಟೆಕಿಚ್ಚು.

ಮೇಜಿನ ಹಿಂದೆ ನಲವತ್ತರ ಆಸುಪಾಸಿನ ಹೆಂಗಸು, ಹತ್ತಿ ಸೀರೆ. ಹಿಲ್ಲೂರಿನ ಕಡೆಯ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಸುಮಿತ್ರಾ ಅಕ್ಕೋರು ಎಂದು ಯಾರೋ ಹೇಳಿದರು.

“ಇದನ್ನು ಎಲ್ಲಿಂದ ತಂದಿರಿ?” ಎಂದು ಕೇಳಿದೆ.

“ನಾನೇ ತೆಗ್ದದ್ದು ಸರ್. ನಮ್ಮ ಅಂಗಳದಲ್ಲಿ.”

“ಯಾವ ಉಪಕರಣದಲ್ಲಿ?”

ಅವರು ಫೋಟೊದ ಪಕ್ಕದಲ್ಲಿದ್ದ ಎರಡು ಹಲಗೆಗಳ ಮೇಲೆ ಕೈ ಇಟ್ಟರು. ಒಂದಡಿ ಚಿಲ್ಲರೆ ಉದ್ದ. ಒಂದು ತುದಿಯಲ್ಲಿ ಬಾಗಿಲಿಗೆ ಹಾಕುವ ಬಿಜಾಗರಿಯಿಂದ ಅವನ್ನು ಕೂಡಿಸಲಾಗಿತ್ತು. ಇನ್ನೊಂದು ತುದಿಯಲ್ಲಿ ಕೆಳಗಿನಿಂದ ಒಂದು ಸ್ಕ್ರೂ. ಅದನ್ನು ತಿರುಗಿಸಿದರೆ ಮೇಲಿನ ಹಲಗೆ ಸ್ವಲ್ಪಸ್ವಲ್ಪವೇ ಏಳುತ್ತಿತ್ತು. “ಇದ್ರ ಮೇಲೆ ಕ್ಯಾಮೆರಾ ಇಟ್ಟು ತೆಗ್ದದ್ದು ಸರ್. ನಮ್ಮಣ್ಣ ಮಾಡಿಕೊಟ್ಟದ್ದು.”

ನಾನು ನಕ್ಕೆ. ಸುತ್ತ ಜನ ಸೇರಿದ್ದರು, ನನಗೆ ಹುರುಪು ಬಂತು. “ಅಕ್ಕೋರೇ, ಭೂಮಿ ತಿರುಗುತ್ತದೆ. ಹತ್ತು ನಿಮಿಷ ಕ್ಯಾಮೆರಾದ ಬಾಗಿಲು ತೆರೆದಿಟ್ಟರೆ ನಕ್ಷತ್ರ ಚುಕ್ಕೆಯಾಗಿ ಉಳಿಯುವುದಿಲ್ಲ, ಗೆರೆಯಾಗುತ್ತದೆ. ಕಿಟಕಿ ಬಾಗಿಲಿನ ಸಾಮಾನಿನಿಂದ ಆಕಾಶದ ಬೆನ್ನು ಹತ್ತಲಾಗುವುದಿಲ್ಲ. ಮೋಟಾರು ಇಟ್ಟುಕೊಂಡ ನನಗೇ ಇಷ್ಟು ಸ್ಪಷ್ಟವಾಗಿ ಬಂದಿಲ್ಲ. ಇದು ಯಾವುದೋ ಪತ್ರಿಕೆಯ ಪುಟ. ನೀವು ಅದರ ಫೋಟೊ ತೆಗೆದಿದ್ದೀರಿ, ಅಷ್ಟೆ.”

ಅಕ್ಕೋರು ಫೋಟೊ ಕೆಳಗಿಳಿಸಿ ಹಳೆಯ ವರ್ತಮಾನಪತ್ರಿಕೆಯಲ್ಲಿ ಸುತ್ತತೊಡಗಿದರು. ಅವರ ಪಕ್ಕದಲ್ಲಿ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಅವನು ನನ್ನನ್ನು ನೋಡಿದ, ಹಲಗೆಗಳನ್ನು ನೋಡಿದ, ಆಮೇಲೆ ಅಕ್ಕೋರನ್ನು ನೋಡಿದ. ಆ ನೋಟದ ಅರ್ಥ ನನಗಾಗ ಹೊಳೆಯಲಿಲ್ಲ. ತೀರ್ಪಿನ ಹಾಳೆಯಲ್ಲಿ ‘ಸ್ವಂತದ್ದಲ್ಲ’ ಎಂದು ಬರೆದು, ಕೊಟ್ಟ ಶಿರಾ ಉಪ್ಪಿಟ್ಟು ತಿಂದು ಮಲ್ಲಾಪುರದ ಬಸ್ಸು ಹಿಡಿದೆ.

ಜನವರಿಯಲ್ಲಿ ಒಂದು ಲಕೋಟೆ ಬಂತು. ಒಳಗೆ ಫೋಟೊ ನೆಗೆಟಿವಿನ ಒಂದು ಪಟ್ಟಿ, ಜೊತೆಗೆ ಎರಡು ಸಾಲಿನ ಚೀಟಿ: “ಸರ್, ನೋಡಿ ವಾಪಸ್ ಕಳಿಸಿ. ಕೊನೆಯ ಎರಡು ನಮ್ಮ ಶಾಲೆಯ ಮಕ್ಕಳ ಫೋಟೊ. ಅವರಿಗೆ ಪ್ರಿಂಟ್ ಹಾಕಿಸಿ ಕೊಡುವುದಿದೆ.” ಬಯ್ಗುಳವಿಲ್ಲ, ದೂರಿಲ್ಲ. ಪಟ್ಟಿಯನ್ನು ದೀಪಕ್ಕೆ ಹಿಡಿದೆ. ನೆಗೆಟಿವಿನಲ್ಲಿ ಎಲ್ಲವೂ ತಿರುವುಮುರುವು, ನಕ್ಷತ್ರಗಳು ಕಪ್ಪು. ಮೊದಲ ಚಿತ್ರದಲ್ಲಿ ಅವು ಉದ್ದ ಗೆರೆಗಳು. ಎರಡನೆಯದರಲ್ಲಿ ಗೆರೆ ಚಿಕ್ಕದಾಗಿತ್ತು. ಮೂರನೆಯದರಲ್ಲಿ ಜೋಳದ ಕಾಳಿನಷ್ಟು. ನಾಲ್ಕನೆಯದರಲ್ಲಿ ಚುಕ್ಕೆ. ಅದರ ಪಕ್ಕದಲ್ಲೇ ಇಬ್ಬರು ಹುಡುಗಿಯರು ಪ್ರಶಸ್ತಿಪತ್ರ ಹಿಡಿದು ನಿಂತಿದ್ದರು. ಪತ್ರಿಕೆಯ ಪುಟ ನಕಲು ಮಾಡುವವರು ಹೀಗೆ ಮೂರು ಸಲ ಸೋಲುವುದಿಲ್ಲ.

ಒಪ್ಪಿಕೊಳ್ಳುತ್ತೇನೆ, ಒಂದು ವಾರ ಆ ಪಟ್ಟಿ ನನ್ನ ಮೇಜಿನಲ್ಲೇ ಇತ್ತು. ಸಭ್ಯವಾದ ಕಾಗದ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿಬಿಡುವ ಯೋಚನೆ ಮಾಡಿದ್ದೆ. ಹೆಂಡತಿ ಕಾಗದ ಓದಿ, “ನಾಲ್ಕು ಜನರ ಎದುರು ಆಡಿದ ಮಾತನ್ನು ಅಂಚೆಪೆಟ್ಟಿಗೆಗೆ ಹಾಕಿ ತೊಳೆದುಕೊಳ್ತೀರಾ?” ಎಂದಳು. ಶನಿವಾರ ಪಟ್ಟಿ ತೆಗೆದುಕೊಂಡು ನಾನೇ ಹೊರಟೆ.

ಹಿಲ್ಲೂರಿನಲ್ಲಿ ಬಸ್ಸಿಳಿದು ಕಾಡಿನ ಅಂಚಿನ ದಾರಿಯಲ್ಲಿ ಸ್ವಲ್ಪ ನಡೆದರೆ ಅಕ್ಕೋರ ಮನೆ. ನನ್ನನ್ನು ಕಂಡು ಅವರು ಗಾಬರಿಯಾಗಲಿಲ್ಲ. ಚಹಾ ಕೊಟ್ಟು ಎದುರು ಕೂತರು. ಕ್ಯಾಮೆರಾ ಅಂಕೋಲೆಯ ಸ್ಟುಡಿಯೊದವರು ಡಿಜಿಟಲ್ ಬಂತೆಂದು ಮೂಲೆಗೆ ಹಾಕಿದ್ದು. ಹಲಗೆಯ ಲೆಕ್ಕ ಯಾವುದೋ ವಿಜ್ಞಾನ ಪುಸ್ತಕದ್ದು. ಸ್ಕ್ರೂವನ್ನು ಬಿಜಾಗರಿಯಿಂದ ಇಂತಿಷ್ಟೇ ದೂರಕ್ಕೆ ಹಾಕಿ, ಬಿಜಾಗರಿಯ ನೇರಕ್ಕೆ ಧ್ರುವ ನಕ್ಷತ್ರ ಹಿಡಿದು, ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದರೆ ಕ್ಯಾಮೆರಾ ಆಕಾಶದ ಜೊತೆ ನಡೆಯುತ್ತದೆ. ಮೋಟಾರು ಮಾಡುವ ಕೆಲಸವನ್ನೇ ಕೈ ಮಾಡುತ್ತದೆ. ನಮ್ಮ ಸೀಮೆಯಲ್ಲಿ ಧ್ರುವ ತೀರ ಕೆಳಗೆ. ಅದು ಕಾಣಲೆಂದು ಅವರು ಗೇರುಮರದ ಎರಡು ಟೊಂಗೆ ಕಡಿಸಿದ್ದರು.

“ತಪ್ಪಾಯಿತು ಅಕ್ಕೋರೇ,” ಎಂದೆ.

“ನೀವು ಸಂಶಯಪಟ್ಟದ್ದು ತಪ್ಪಲ್ಲ ಸರ್. ಹೆಂಗೆ ತೆಗೆದ್ರಿ ಹೇಳಿ ಕೇಳ್ಲಿಲ್ಲ, ಅದು ತಪ್ಪು. ಕೇಳಿದ್ರೆ ಅಲ್ಲೇ ತಿರುಗ್ಸಿ ತೋರಿಸ್ತಿದ್ದೆ.” ಲೋಟ ಕೆಳಗಿಟ್ಟರು. “ನನ್ನ ಹೆಸರು ಹೋದ್ರೆ ಹೋಗ್ಲಿ. ಅವತ್ತು ನನ್ನ ಪಕ್ಕ ನಿಂತದ್ದು ನಮ್ಮಣ್ಣ, ವಾಮನಣ್ಣ. ಹಲಗೆ ಮಾಡಿಕೊಟ್ಟವ ಅವನೇ. ಫೋಟೊ ತೆಗೆವಾಗ ಅವ ಗೋವೆಲಿ ಕೆಲಸಕ್ಕಿದ್ದ, ನೋಡಿರ್ಲಿಲ್ಲ. ಮನೆಗೆ ಬಂದವನೇ, ‘ನನ್ನ ಹಲಗೆ ಇಟ್ಟು ಸುಳ್ಳು ಎಂತಕ್ಕೆ ಹೇಳ್ದೆ ತಂಗಿ?’ ಅಂದ. ನೆಗೆಟಿವ್ ತೋರ್ಸಿದ್ರೂ ನೋಡ್ಲಿಲ್ಲ. ಆಮೇಲೆ ಮಾತಿಲ್ಲ. ನಿಮ್ಮ ಮಾತು ನಂಬ್ದ, ನನ್ನ ಮಾತು ನಂಬ್ಲಿಲ್ಲ.”

ವಾಮನಣ್ಣನ ಕೆಲಸದ ಚಪ್ಪರ ಪಕ್ಕದ ಹಿತ್ತಲಲ್ಲೇ ಇತ್ತು. ಹೋಗಿ, ನಾನು ಹೇಳಿದ್ದೇ ಸುಳ್ಳು, ನಿಮ್ಮ ತಂಗಿ ಹೇಳಿದ್ದು ನಿಜ ಎಂದೆ. ಅವನು ಉಳಿ ಮಸೆಯುವುದನ್ನು ನಿಲ್ಲಿಸಲಿಲ್ಲ. “ಸಾಹೇಬ್ರೆ, ನೀವು ಓದ್ದವ್ರು, ದೊಡ್ಡ ಮಷಿನು ಇದ್ದವ್ರು. ಈಗ ಮನೆ ತನಕ ಬಂದೀರಿ ಹೇಳಿ ಮರ್ಯಾದಿಗೆ ಹೀಂಗೆ ಹೇಳ್ತೀರಿ. ನಾ ಕಿಟಕಿ ಬಾಗ್ಲು ಮಾಡೂ ಮನ್ಸ. ನನ್ನ ಹಲಗೆಗೆ ನಕ್ಷತ್ರ ಹಿಡಿಯೂಕೆ ಬರೂದಿಲ್ಲ. ಅದು ನಂಗೆ ಗೊತ್ತು.”

ಆ ಮಾತು ಈಗಲೂ ಕಿವಿಯಲ್ಲಿದೆ. ನಾನು ಒಬ್ಬ ಹೆಂಗಸಿನ ಬಹುಮಾನ ತಪ್ಪಿಸಿದೆ ಎಂದುಕೊಂಡಿದ್ದೆ. ಒಬ್ಬ ಆಚಾರಿಗೆ ಅವನ ಕೈಗಳ ಮೇಲಿದ್ದ ನಂಬಿಕೆಯನ್ನೇ ಕಸಿದಿದ್ದೆ.

ಫೆಬ್ರುವರಿಯ ಅಮಾವಾಸ್ಯೆಗೆ ಸ್ನೇಹಿತನ ಜೀಪಿನಲ್ಲಿ ಟೆಲಿಸ್ಕೋಪನ್ನೂ ಹೇರಿಕೊಂಡು ಮತ್ತೆ ಹೋದೆ. ವಾಮನಣ್ಣನಿಗೆ ಕೈಮುಗಿದು, “ಈ ಸಲ ಸ್ಕ್ರೂ ತಿರುಗಿಸುವವರು ನೀವೇ” ಎಂದೆ. ಮನಸ್ಸಿಲ್ಲದ ಮನಸ್ಸಿನಿಂದ ಬಂದ. ಕತ್ತಲಾಗುತ್ತಲೇ ಮಹಾವ್ಯಾಧ ನೆತ್ತಿಯ ಹತ್ತಿರ ನಿಂತಿತ್ತು. ಮಲ್ಲಾಪುರದಲ್ಲಿ ನಾನು ಎಂದೂ ಕಾಣದಷ್ಟು ಕಪ್ಪು ಆಕಾಶ. ಅಕ್ಕೋರು ಹಲಗೆಯನ್ನು ಧ್ರುವಕ್ಕೆ ಹಿಡಿದು ಕ್ಯಾಮೆರಾ ತೆರೆದರು. ನಾನು ಕೈಗಡಿಯಾರದ ಮೇಲೆ ಕೆಂಪು ಬಟ್ಟೆ ಸುತ್ತಿದ ಟಾರ್ಚು ಹಿಡಿದೆ. ಸೆಕೆಂಡಿನ ಮುಳ್ಳಿನ ಜೊತೆ ವಾಮನಣ್ಣನ ಬೆರಳು ತಿರುಗಿತು. ಕಾಲು ಸುತ್ತು, ಅರ್ಧ ಸುತ್ತು. ಮರಗೆಲಸದ ಕೈ, ಕೂದಲೆಳೆಯಷ್ಟೂ ಜರ್ಕು ಇಲ್ಲ. ಏಳನೆಯ ನಿಮಿಷಕ್ಕೆ ಹಿಂದಿನ ಕಾಡಿನಲ್ಲಿ ಒಂದು ಕಾಡುಕುರಿ, ನಾಯಿಯಂತೆ ಬೊಗಳುವ ಆ ಸಣ್ಣ ಜಿಂಕೆ, ಗಕ್ಕನೆ ಕೂಗಿತು. ಅವನು ಬೆಚ್ಚಿ ಕೈ ಬಿಟ್ಟ.

“ಹಾಳಾಯ್ತು!” ಎಂದ.

“ತಿರುಗ್ಸು ಅಣ್ಣಾ, ನಿಲ್ಸಬೇಡ,” ಎಂದರು ಅಕ್ಕೋರು. ಎರಡು ತಿಂಗಳ ಮೇಲೆ ಅಣ್ಣತಂಗಿಯ ನಡುವೆ ಬಂದ ಮೊದಲ ಮಾತು ಅದು. ಅವನು ತಡಕಾಡಿ ಸ್ಕ್ರೂ ಹಿಡಿದು ಮತ್ತೆ ತಿರುಗಿಸಿದ. ಅರ್ಧ ಸುತ್ತು ತಪ್ಪಿಹೋಗಿತ್ತು.

ಆಮೇಲೆ ಇಬ್ಬರಿಗೂ ನನ್ನ ಟೆಲಿಸ್ಕೋಪಿನಲ್ಲಿ ಶನಿಯನ್ನು ತೋರಿಸಿದೆ. ಅಕ್ಕೋರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. “ಬಳೆ ಹೌದಲ್ಲ ಸರ್, ಪುಸ್ತಕದಲ್ಲಿ ಇದ್ದ ಹಾಗೇ. ಇದು ನನ್ನ ಹಲಗೆಗೆ ಆಗೂದಿಲ್ಲ,” ಎಂದರು. ಅವರ ದನಿಯಲ್ಲಿ ಅಸೂಯೆ ಇರಲಿಲ್ಲ. ದುಬಾರಿ ಉಪಕರಣ ಬೇಡವೇ ಬೇಡ ಎನ್ನುವವರನ್ನು ಕಂಡರೆ ನನಗೆ ಆ ಕ್ಷಣ ನೆನಪಾಗುತ್ತದೆ. ಶನಿಯ ಬಳೆಗೆ ಒಳ್ಳೆಯ ಗಾಜೇ ಬೇಕು. ಆದರೆ ಕಪ್ಪು ಆಕಾಶ, ತಾಳ್ಮೆ, ಸರಿ ಬಂತೋ ಇಲ್ಲವೋ ಕಾಣದೆಯೂ ನಾಲ್ಕನೆಯ ಸಲ ಅಂಗಳಕ್ಕಿಳಿಯುವ ಮನಸ್ಸು ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ. ಅದು ಅಕ್ಕೋರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಫಿಲ್ಮ್ ರೋಲು ಮುಗಿದು, ಅಂಕೋಲೆಗೆ ಹೋಗಿ, ತೊಳೆಸಿ, ಪ್ರಿಂಟಾಗಿ ಬರಲು ಮೂರು ವಾರ ಹಿಡಿಯಿತು. ಬಂದಿದೆ ಎಂದು ಅಕ್ಕೋರು ಫೋನು ಮಾಡಿದ ಮರುದಿನವೇ ಹೋದೆ. ವಾಮನಣ್ಣ ಕನ್ನಡಕ ಹಾಕಿಕೊಂಡು ಫೋಟೊವನ್ನು ಬೆಳಕಿಗೆ ಹಿಡಿದ. ಗುಲಾಬಿ ನೀಹಾರಿಕೆ ಅರಳಿತ್ತು. ಅವನ ಕಣ್ಣು ಅಲ್ಲಿ ನಿಲ್ಲಲಿಲ್ಲ. ಮೂಲೆಯ ಒಂದು ಸಣ್ಣ ನಕ್ಷತ್ರದ ಮೇಲೆ ಉಗುರು ಇಟ್ಟ, ಇನ್ನೊಂದರ ಮೇಲೆ ಇಟ್ಟ, ಮತ್ತೊಂದರ ಮೇಲೆ.

“ಎಲ್ಲದಕ್ಕೂ ಒಂದು ಸಣ್ಣ ಬಾಲ ಇದೆ,” ಎಂದ.

ನಾನೂ ಅಕ್ಕೋರೂ ಬಗ್ಗಿ ನೋಡಿದೆವು.

“ಕಾಡುಕುರಿ ಕೂಗ್ತಲ್ಲ, ಆಗ ನನ್ನ ಕೈ ಬಿಟ್ಟುಹೋದದ್ದು ಇದು.” ವಾಮನಣ್ಣ ಫೋಟೊವನ್ನು ತಂಗಿಯ ಕಡೆ ತಿರುಗಿಸಿದ. “ಇದು ನಮ್ದೇ, ತಂಗಿ. ನಮ್ಮ ಹಲಗೇದೇ.”

ಅಕ್ಕೋರು ಎದ್ದು ಒಳಗೆ ಹೋದರು. ಅವರು ಅತ್ತರೋ ಇಲ್ಲವೋ ನನಗೆ ಗೊತ್ತಿಲ್ಲ. ಮುಖಕ್ಕೆ ನೀರು ಹಾಕಿಕೊಳ್ಳುವ ಸದ್ದು ಕೇಳಿತು. ವಾಮನಣ್ಣ ಹಲಗೆ ತೆಗೆದು ಬಿಜಾಗರಿಯ ಮೇಲೆ ಹೆಬ್ಬೆರಳು ಆಡಿಸಿದ. ಇದು ಹಲಸು, ಮಳೆಗಾಲದಲ್ಲಿ ಬಾಗ್ತದೆ, ಸಾಗವಾನಿಯಲ್ಲಿ ಇನ್ನೊಂದು ಮಾಡಬೇಕು ಎಂದು ತನ್ನಷ್ಟಕ್ಕೇ ಹೇಳಿಕೊಂಡ.

ಮುಂದಿನ ವರ್ಷದ ಪ್ರದರ್ಶನದಲ್ಲಿ ಎರಡು ನಿಮಿಷ ಕೇಳಿಕೊಂಡು ಮೈಕಿನ ಮುಂದೆ ನಿಂತು ನನ್ನ ತಪ್ಪು ಹೇಳಿದೆ. ವಾಮನಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ. ಅಕ್ಕೋರು ಬರಲಿಲ್ಲ. ನಿವೃತ್ತಿಯಾಗುವ ತನಕವೂ ಅವರು ಅಂಗಳದಲ್ಲಿ ಫೋಟೊ ತೆಗೆದರು, ಮಕ್ಕಳಿಗೆ ತೋರಿಸಿದರು, ನನಗೂ ಕಳಿಸಿದರು; ಯಾವ ಪ್ರದರ್ಶನಕ್ಕೂ ಮಾತ್ರ ಇನ್ನೊಮ್ಮೆ ಒಂದನ್ನೂ ಕೊಡಲಿಲ್ಲ. ನಾನು ಮೈಕಿನಲ್ಲಿ ಏನು ಹೇಳಿದರೂ ಅಷ್ಟನ್ನು ಸರಿಪಡಿಸಲಾಗಲಿಲ್ಲ.

ಈಗ ನಾನು ಕಾರವಾರದಲ್ಲೇ ಇದ್ದೇನೆ. ಮೊನ್ನೆ ಮೀನು ತರಲು ಬೈತಖೋಲದ ಬಂದರಿಗೆ ಹೋಗಿದ್ದೆ. ನನ್ನ ಆಕಾಶದ ಹುಚ್ಚು ತಿಳಿದ ಟ್ರಾಲರ್ ದೋಣಿ ನಡೆಸುವ ತಾಂಡೇಲನೊಬ್ಬ ಮೊಬೈಲು ಮುಂದೆ ಹಿಡಿದು, “ಚಂದ್ರನ ಫೋಟೊ, ಸರ್. ನಾನೇ ತೆಗ್ದದ್ದು” ಎಂದ. ಕುಳಿಗಳು ಎಣಿಸುವಷ್ಟು ಸ್ಪಷ್ಟ. ಇದು ಮೊಬೈಲಿನ ಚಿತ್ರವಾಗಿರಲು ಸಾಧ್ಯವಿಲ್ಲ ಎಂಬ ಮಾತು ಹಳೆಯ ಅಭ್ಯಾಸದಿಂದ ನಾಲಿಗೆಯ ತುದಿಯ ತನಕ ಬಂತು. ನುಂಗಿಕೊಂಡೆ.

“ಹೇಗೆ ತೆಗೆದಿರಿ?” ಎಂದೆ.

ಅವನ ಮುಖ ಅರಳಿತು. ದೋಣಿಯ ದುರ್ಬೀನಿಗೆ ಮೊಬೈಲಿನ ಕಣ್ಣು ಒತ್ತಿ ಹಿಡಿದದ್ದು, ಅಲೆ ಏರಿ ಇಳಿಯುವ ಮೊದಲು ದೋಣಿ ಒಂದು ಉಸಿರಿನಷ್ಟು ಹೊತ್ತು ಅಲುಗದೆ ನಿಲ್ಲುವುದು, ಆ ಉಸಿರಿಗಾಗಿ ಮೂರು ರಾತ್ರಿ ಕಾದದ್ದು, ಎಲ್ಲವನ್ನೂ ಕೈಯಾಡಿಸಿ ಹೇಳಿದ. ನಾನು ನಡುವೆ ಬಾಯಿ ಹಾಕದೆ ಕೇಳಿದೆ. ಅವನು ಮುಗಿಸುವಷ್ಟರಲ್ಲಿ ಮೀನಿನ ಹರಾಜು ಮುಗಿದು, ಬುಟ್ಟಿಗಳೆಲ್ಲ ಖಾಲಿಯಾಗಿ, ಹೆಂಗಸರು ದೋಣಿ ಕಟ್ಟುವ ಧಕ್ಕೆಗೆ ನೀರು ಹಾಕಿ ತೊಳೆಯುತ್ತಿದ್ದರು.