ಹಾರ್ನ್ ಒತ್ತುವ ಬಕ್ಕೇಶಪ್ಪ

ವಿದ್ಯಾನಗರದ ಹೆಲ್ಮೆಟ್ ಅಂಗಡಿಯ ಬಕ್ಕೇಶಪ್ಪನವರು ಬ್ಲೂಟೂತ್ ಹೆಡ್‌ಸೆಟ್ ಕೇಳಿ ಬಂದವರಿಗೆ ಮೊದಲು ಅದನ್ನು ಜೋಡಿಸಿದ ಹೆಲ್ಮೆಟ್ ತೊಡಿಸಿ, ಹಾಡು ಹಾಕಿ, ಬೆನ್ನ ಹಿಂದೆ ನಿಂತು ಲಾರಿ ಹಾರ್ನ್ ಒತ್ತುತ್ತಾರೆ. ತಿರುಗಿ ನೋಡದವರಿಗೆ ಮಾಲು ಕೊಡುವುದಿಲ್ಲ. “ಗ್ಯಾರಂಟಿ ಇರೋದು ಹೆಡ್‌ಸೆಟ್ಟಿಗ್ರಿ, ನಿಮ್ಮ ತಲೆಗಲ್ಲ” ಎಂದು ಗದರಿ ಕಳಿಸುತ್ತಾರೆ. ದಿನಾ ಬೈಕಿನಲ್ಲಿ ಹರಿಹರಕ್ಕೆ ಕೆಲಸಕ್ಕೆ ಹೋಗುವ ನನ್ನ ಗಂಡನಿಗೆಂದು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ನಾನೂ ಒಂದನ್ನು ಆರಿಸಿದೆ. “ಇದಕ್ಕ ಫೋನ್ ಮಾಡೋರು ಯಾರು ತಾಯಿ?” ಎಂದರು. “ನಾನೇರಿ. ಹರಿಹರ ಮುಟ್ಟಿದ್ರಾ ಅಂತ ಕೇಳದಿದ್ರೆ ಜೀವ ತಡಿಯಲ್ರಿ.” ಅವರು ಡಬ್ಬಿಯನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು. “ನನ್ನ ಮಗಳಿಗೆ ನಾನೂ ಹಂಗೇ ಕೇಳ್ದೆ. ಸ್ಕೂಟಿ ಮ್ಯಾಲಿದ್ಲು. ನನ್ನ ದನಿ ಕೇಳ್ತು, ಹಿಂದಿನ ಲಾರಿ ಕೇಳ್ಲಿಲ್ಲ.” ಮರುದಿನ ಇವರು ಹರಿಹರ ಮುಟ್ಟಿ ತಾವೇ ಕರೆ ಮಾಡುವವರೆಗೂ ನಾನು ಫೋನ್ ಮುಟ್ಟಲಿಲ್ಲ.