ತೂಗುಗುಂಡು ಪಶ್ಚಿಮಕ್ಕೆ ಸರಿದ ದಿನ

ಬೆಳಿಗ್ಗೆ ಏಳಕ್ಕೆ ನಾಲ್ಕನೇ ಉಗ್ರಾಣದ ಬಾಗಿಲು ತೆಗೆದ ಮೇಲೆ ಜೀಟಾ ಹೇಗನ್ ಮೊದಲು ಮಾಡುವ ಕೆಲಸ ಸುಮ್ಮನೆ ನಿಲ್ಲುವುದು. ದೀಪ ಹಾಕುವುದಿಲ್ಲ. ಆರು ಅಂತಸ್ತಿನ ಆ ಮರದ ಕಟ್ಟಡದಲ್ಲಿ ಹತ್ತೊಂಬತ್ತು ಸಾವಿರ ಪೀಪಾಯಿ ವಿಸ್ಕಿ ಮಲಗಿದೆ. ಬಿಸಿಲು ಹೊರಮೈಯ ತಗಡಿಗೆ ತಾಗುತ್ತಿದ್ದಂತೆ ಮರ ಅಲ್ಲೊಂದು ಇಲ್ಲೊಂದು ಕಡೆ ಕಿರುಗುಟ್ಟುತ್ತದೆ. ಎಲ್ಲಾದರೂ ಪೀಪಾಯಿ ಸೋರುತ್ತಿದ್ದರೆ ಹನಿ ಹಲಗೆಗೆ ಬೀಳುವ ಸದ್ದು ಕೇಳುತ್ತದೆ. ಜೀಟಾ ಅದನ್ನು ಎಣಿಸಿ, ಯಾವ ಅಂತಸ್ತು, ಯಾವ ಸಾಲು ಎಂದು ತಿಳಿದುಕೊಂಡು ಮೆಟ್ಟಿಲು ಹತ್ತುತ್ತಾಳೆ. ಸೊಂಟದ ಚೀಲದಲ್ಲಿ ಸಣ್ಣ ಸುತ್ತಿಗೆ, ಮರದ ಬೆಣೆಗಳು, ಒಣಗಿಸಿದ ಜೊಂಡು. ಸಂದಿಗೆ ಜೊಂಡು ತುರುಕಿ ಬೆಣೆ ಬಡಿದರೆ ಸೋರುವುದು ನಿಂತಿತು. ಮೂವತ್ತೊಂದು ವರ್ಷದಿಂದ ಇದೇ ಅವಳ ಅನ್ನ. ಅದಕ್ಕೂ ಹಿಂದೆ ಅವಳ ಅಪ್ಪನ ಅನ್ನ.

ಅವಳು ಕುಡಿಯುವವಳಲ್ಲ. ಕೆಮ್ಮು ಬಂದರೆ ಜೋಳದ ಕಾಕಂಬಿಗೆ ಒಂದು ಚಮಚ ಸೇರಿಸಿ ನುಂಗುತ್ತಾಳೆ, ಅಷ್ಟೆ. ಆದರೂ ಭಾನುವಾರ ಪೂಜೆಯಲ್ಲಿ ಅವಳ ಪಕ್ಕ ಕೂತರೆ ಕೂದಲಿನಿಂದ ವಿಸ್ಕಿಯ ವಾಸನೆ ಬರುತ್ತದೆ. ಎಷ್ಟು ತೊಳೆದರೂ ಹೋಗದು. ನಮ್ಮ ಸುತ್ತಿನಲ್ಲಿ ಅದನ್ನು ಯಾರೂ ಎತ್ತಿ ಆಡುವುದಿಲ್ಲ. ಆ ವಾಸನೆಯಿಂದಲೇ ನಮ್ಮ ಚರ್ಚಿಗೆ ಹೊಸ ಮಾಡು ಬಂದಿದ್ದು.

ಸೋರಿಕೆ ನೋಡಿಯಾದ ಮೇಲೆ ಅವಳಿಗೆ ಇನ್ನೊಂದು ಕೆಲಸ. ಗಾರೆಯವರು ಗೋಡೆ ನೇರವಿದೆಯೇ ಎಂದು ನೋಡಲು ಹಿಡಿಯುತ್ತಾರಲ್ಲ, ಅಂಥ ತೂಗುಗುಂಡು ಒಂದು ಕಟ್ಟಡದ ನಡುವೆ, ಮಾಡಿನ ತೊಲೆಯಿಂದ ನೆಲದವರೆಗೆ, ಬಾವಿಯಂಥ ಕಿರಿದಾದ ಸಂದಿಯಲ್ಲಿ ಉದ್ದನೆಯ ದಾರದಿಂದ ಇಳಿಬಿದ್ದಿದೆ. ಕೆಳಗೆ ಒಂದು ಹಲಗೆ. ಹಲಗೆಯ ನಡುವೆ ತಾಮ್ರದ ಮೊಳೆ. ಮೊಳೆಯ ಸುತ್ತ ಅವಳ ಅಪ್ಪ ಸೀಸದಕಡ್ಡಿಯಲ್ಲಿ ಬರೆದ ಐದು ಸೆಂಟಿನ ನಾಣ್ಯದಷ್ಟು ದೊಡ್ಡ ಸುತ್ತು. ಗುಂಡಿನ ಮೊನೆ ಮೊಳೆಯ ಮೇಲಿದ್ದರೆ ಕಟ್ಟಡ ನೆಟ್ಟಗಿದೆ. ಸುತ್ತಿನ ಒಳಗೆ ಆಚೀಚೆ ಆಡಿದರೆ ಚಿಂತೆಯಿಲ್ಲ. ಸುತ್ತು ದಾಟಿದರೆ ಒಳಗೆ ಯಾರೂ ಇರಬಾರದು. ಇದು ಅಪ್ಪ ಹೇಳಿದ್ದು, ಯಾವ ಕಾಗದದಲ್ಲೂ ಬರೆದಿಲ್ಲ.

ಎಂಟು ವರ್ಷದ ಹಿಂದೆ ಒಮ್ಮೆ ಮೊನೆ ಸುತ್ತು ದಾಟಿತ್ತು. ಜೀಟಾ ಎಲ್ಲರನ್ನೂ ಹೊರಗೆ ಕಳಿಸಿದಳು. ನಾಲ್ಕು ದಿನ ಕೆಲಸ ನಿಂತಿತು, ಭಾರ ಸರಿದೂಗಿಸಲು ಇನ್ನೂರು ಪೀಪಾಯಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ಮೊನೆ ಅಲುಗಲಿಲ್ಲ. ಐದನೇ ದಿನ ಅವಳ ಜೊತೆಗಾರ ಹ್ಯೂಬರ್ಟ್ ಮೂರನೇ ಅಂತಸ್ತಿನಲ್ಲಿ ದೀಪ ಹಿಡಿದು ನೋಡಿದರೆ, ಕಣಜದ ಹುಳ ಗೋಡೆಗಂಟಿಸಿ ಕಟ್ಟಿದ ಮಣ್ಣಿನ ಗೂಡು ದಾರವನ್ನು ಒಂದು ಬದಿಗೆ ತಳ್ಳಿತ್ತು.

ಅಂದಿನಿಂದ ಅವಳ ಹೆಸರು ಕಣಜ. ಇಟ್ಟವನು ಹ್ಯೂಬರ್ಟೇ. ಇಪ್ಪತ್ತು ವರ್ಷದಿಂದ ಅವಳ ಜೊತೆ ಪೀಪಾಯಿ ಉರುಳಿಸುವವನು, ಮಾತಾಡಲು ಬಾಯಿ ತೆರೆದರೆ ತಮಾಷೆಯೇ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಚರ್ಚಿನ ಅಂಗಳದಲ್ಲಿ ನಾವು ಮೀನು ಹುರಿಯುವಾಗ ಅವನು ಕಾಗದದ ಕಣಜ ಮಾಡಿ ಅವಳ ಕುರ್ಚಿಗೆ ಕಟ್ಟುತ್ತಿದ್ದ. ಜೀಟಾ ನಗುತ್ತಿದ್ದಳು. ಎಲೆಕೋಸು ಹೆಚ್ಚುವ ಕೈ ಮಾತ್ರ ಸ್ವಲ್ಪ ಬಿರುಸಾಗುತ್ತಿತ್ತು. ಈ ಕಥೆಯನ್ನು ಅವಳು ನನಗೆ ಹೇಳಿದ್ದೂ ಹಾಗೆ ಎಲೆಕೋಸು ಹೆಚ್ಚುತ್ತಲೇ, ಮೂರು ಶುಕ್ರವಾರ, ತುಂಡು ತುಂಡಾಗಿ.

ಕಳೆದ ಅಕ್ಟೋಬರಿನಲ್ಲಿ ನಡೆದದ್ದು ಇಷ್ಟು. ಐದನೇ ಅಂತಸ್ತಿನ ಪೂರ್ವದ ಸಾಲುಗಳ ವಿಸ್ಕಿಗೆ ಎಲ್ಲಿಲ್ಲದ ಹೆಸರು ಬಂದಿತ್ತು. ಬಿಸಿಲು ಹೆಚ್ಚು ತಾಗುವ ಜಾಗ, ಬೇಗ ಮಾಗುತ್ತದೆ, ಸಿಹಿ ಹೆಚ್ಚು. ದೂರದೂರಿನ ಮದ್ಯದಂಗಡಿಯವರು, ರಸಿಕರ ಕೂಟದವರು ಬಂದು, ಪೀಪಾಯಿಯ ಬಳಿಯೇ ನಿಂತು ರುಚಿ ನೋಡಿ, ಇದು ನಮಗೆ ಎಂದು ಆರಿಸಿಕೊಂಡು ಹೋಗುತ್ತಿದ್ದರು. ಎಲ್ಲರಿಗೂ ಅದೇ ಅಂತಸ್ತು, ಅದೇ ಪೂರ್ವ ಬೇಕು. ಒಂದೊಂದು ಪೀಪಾಯಿ ಇನ್ನೂರ ಮೂವತ್ತು ಕಿಲೋ. ಐದು ವಾರದಲ್ಲಿ ಪೂರ್ವದಿಂದ ಏಳುನೂರು ಇಳಿದವು. ಪಶ್ಚಿಮ ತುಂಬಿಕೊಂಡೇ ಉಳಿಯಿತು.

"ರಾಯ್ಸ್, ಪಶ್ಚಿಮದಿಂದಲೂ ಅಷ್ಟೇ ಇಳಿಸ್ಬೇಕು," ಎಂದು ಜೀಟಾ ಎರಡು ಸಲ ಹೇಳಿದಳು. ರಾಯ್ಸ್ ಸ್ಪಾಲ್ಡಿಂಗ್ ಉಗ್ರಾಣಗಳ ಮೇಲ್ವಿಚಾರಕ. ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಅವನಿಗೆ ಮೊದಲ ಪರಮಪ್ರಸಾದದ ಪಾಠ ಹೇಳಿಕೊಟ್ಟವಳೂ ಅವಳೇ, ಪೀಪಾಯಿಯ ಬಿರಡೆ ಮೇಲೆ ಬರುವ ಹಾಗೆ ಉರುಳಿಸುವುದನ್ನು ಕಲಿಸಿದವಳೂ ಅವಳೇ.

"ಆಯ್ತು ಮಿಸ್ ಜೀಟಾ, ಈ ತಿಂಗಳು ಮುಗೀಲಿ," ಎಂದ ಅವನು.

ಗುರುವಾರ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತಾಗ ಪೂರ್ವದ ಮರ ಎಂದಿನಂತೆ ಕಿರುಗುಟ್ಟಿತು. ಪಶ್ಚಿಮದಿಂದ ಸದ್ದೇ ಇಲ್ಲ; ಭಾರ ಬಿಗಿಯಾಗಿ ಒತ್ತಿದ ಮರಕ್ಕೆ ಅಲುಗಲು ಎಡೆಯಿರುವುದಿಲ್ಲ. ಮಾತು ನುಂಗಿಕೊಂಡವರ ಹಾಗಿತ್ತು ಎಂದಳು ನನ್ನೊಡನೆ. ಗುಂಡಿನ ಮೊನೆ ಸುತ್ತಿನ ಗೆರೆಯನ್ನು ಒಳಗಿನಿಂದ ಮುಟ್ಟಿತ್ತು. ಮಧ್ಯಾಹ್ನ ಒಂದೂವರೆಗೆ ಮತ್ತೆ ನೋಡಿದಳು. ಮೊನೆ ಗೆರೆ ದಾಟಿ ಒಂದು ಬೆರಳಗಲ ಪಶ್ಚಿಮಕ್ಕೆ ಹೋಗಿತ್ತು.

ಎಂಟು ವರ್ಷದ ಹಿಂದಾಗಿದ್ದರೆ ಕೂಡಲೇ ಕೂಗುತ್ತಿದ್ದಳು. ಈಗ ಮೊದಲು ಕಣಜ ನೆನಪಾಯಿತು. ಎರಡು ಗಂಟೆಗೆ ಒಂಬತ್ತು ಮಂದಿ ಅತಿಥಿಗಳು ಬರುವವರಿದ್ದರು. ಇನ್ನೂ ಅರ್ಧ ಗಂಟೆ ಇದೆ, ದಾರವನ್ನು ಬುಡದಿಂದ ತುದಿಯವರೆಗೆ ನೋಡಿಬಿಡುತ್ತೇನೆ ಎಂದು ದೀಪ ಹಿಡಿದು ಹತ್ತಿದಳು. ಪ್ರತಿ ಅಂತಸ್ತಿನಲ್ಲೂ ಸಂದಿಗೆ ಒಂದು ಕಿಂಡಿ. ತಲೆ ಒಳಗಿಟ್ಟು ಮೇಲೆ, ಕೆಳಗೆ, ನಾಲ್ಕೂ ಬದಿ. ಎರಡನೆಯದು ಸರಿ. ಮೂರನೆಯದು ಸರಿ, ಹಳೆಯ ಗೂಡಿನ ಕಲೆ ಮಾತ್ರ ಇತ್ತು. ನಾಲ್ಕನೆಯದರಲ್ಲಿ ತಲೆ ಇಟ್ಟಿರುವಾಗ ಕೆಳಗೆ ಬಾಗಿಲು ತೆರೆಯಿತು, ನಗು ಕೇಳಿಸಿತು. ಹೊತ್ತಿಗೆ ಮುಂಚೆಯೇ ಬಂದಿದ್ದರು.

ಮೆಟ್ಟಿಲಲ್ಲಿ ರಾಯ್ಸ್ ಎದುರಾದ. ಹಿಂದೆ ಅತಿಥಿಗಳು, ಒಬ್ಬೊಬ್ಬರ ಕೈಯಲ್ಲೂ ಸಣ್ಣ ಗಾಜಿನ ಲೋಟ.

"ರಾಯ್ಸ್, ಮೊನೆ ಗೆರೆ ದಾಟಿದೆ," ಎಂದಳು ಮೆಲ್ಲಗೆ.

ಅವನು ಅವಳ ಕೈಯ ದೀಪ ನೋಡಿದ. "ದಾರ ಪೂರ್ತಿ ನೋಡಿದ್ರಾ?"

"ಇನ್ನೆರಡು ಅಂತಸ್ತಿದೆ."

"ಹಾಗಾದ್ರೆ ನೋಡ್ಬಿಡಿ. ಈ ಸಲ ಕಣಜ ಇನ್ನೂ ಮೇಲೆ ಮನೆ ಮಾಡಿರ್ಬೇಕು."

"ಯಾವ ಕಣಜ?" ಎಂದಳು ಅತಿಥಿಯೊಬ್ಬಳು. ರಾಯ್ಸ್ ಹತ್ತುತ್ತ ಹತ್ತುತ್ತ ಕಥೆ ಹೇಳಿದ. ಜೀಟಾ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು. ಕಥೆಯೂ ನಗುವೂ ಅವಳ ತಲೆಯ ಮೇಲಿನ ಅಂತಸ್ತಿಗೆ ಏರಿ ಹೋದವು. ದಾರಿ ಬಿಟ್ಟದ್ದೇ ತಾನು ಮಾಡಿದ ಪಾಪ ಎಂದು ಅವಳು ಆಮೇಲೆ ಚರ್ಚಿನ ಗುರುಗಳ ಮುಂದೆ ನಿವೇದಿಸಿಕೊಂಡಳಂತೆ.

ಐದನೆಯ ಕಿಂಡಿ ಸರಿ. ಆರನೆಯದಕ್ಕೆ ಓಡಿದಳು. ದೀಪವನ್ನು ತೊಲೆಯವರೆಗೆ ಎತ್ತಿದಳು. ಗೂಡಿಲ್ಲ, ಜೇಡನ ಬಲೆಯಿಲ್ಲ. ದಾರ ಎಲ್ಲೂ ಏನನ್ನೂ ಮುಟ್ಟದೆ ಕತ್ತಲೆಗೆ ಇಳಿದಿತ್ತು. ಅಂದರೆ ದಾರ ಸುಳ್ಳು ಹೇಳುತ್ತಿಲ್ಲ. ಆಗಲೇ ಕೆಳಗಿನಿಂದ ಗುಡುಗುಡು ಸದ್ದು ಬಂತು. ಪೂರ್ವದ ಸಾಲಿನಿಂದ ಹ್ಯೂಬರ್ಟ್ ಇನ್ನೊಂದು ಪೀಪಾಯಿ ಹೊರಗೆ ಉರುಳಿಸುತ್ತಿದ್ದ.

ಅವಳು ಇಳಿದು ಬರುವಷ್ಟರಲ್ಲಿ ಎರಡನೆಯದೂ ಉರುಳಿತ್ತು. ಸಾಲುಗಳ ನಡುವಿನ ಓಣಿಯಲ್ಲಿ ಅತಿಥಿಗಳು ಒಂದು ಪೀಪಾಯಿಯ ಸುತ್ತ ನಿಂತಿದ್ದರು. ರಾಯ್ಸ್ ತಾಮ್ರದ ಕೊಳವೆ ಇಳಿಸಿ ವಿಸ್ಕಿ ಎತ್ತಿ ಲೋಟಗಳಿಗೆ ಬಿಡುತ್ತಿದ್ದ. ಅವಳು ಅವನ ಕಡೆ ಹೋಗಲಿಲ್ಲ. ಮೂರನೆಯ ಪೀಪಾಯಿಗೆ ಕೈಯಿಟ್ಟಿದ್ದ ಹ್ಯೂಬರ್ಟನ ಮುಂದೆ ನಿಂತು, ಚೀಲದಿಂದ ಬೆಣೆ ತೆಗೆದು ಉರುಳದಂತೆ ಪೀಪಾಯಿಯ ಅಡಿಗೆ ಒದ್ದು ಸೇರಿಸಿದಳು.

"ಏನೇ ಕಣಜ, ಕಾಲು ಮುರಿಸ್ಕೊಳ್ತೀಯಾ?"

"ದಾರ ಆರು ಅಂತಸ್ತೂ ನೋಡ್ದೆ ಹ್ಯೂಬರ್ಟ್. ಏನೂ ಇಲ್ಲ. ಮೊನೆ ಹೊರಗೇ ಇದೆ."

"ಯಾವ ಕಡೆ?"

"ಪಶ್ಚಿಮ. ಬೆಳಿಗ್ಗೆಯಿಂದ ಒಂದು ಬೆರಳು. ಪಶ್ಚಿಮ ಸದ್ದೇ ಮಾಡ್ತಿಲ್ಲ, ಕೇಳು."

ಹ್ಯೂಬರ್ಟ್ ತಲೆ ಓರೆ ಮಾಡಿದ. ಅತಿಥಿಗಳ ಲೋಟದ ಕಿಣಿಕಿಣಿ, ರಾಯ್ಸನ ಮಾತು. ಅದರಾಚೆ, ಬಿಸಿಲು ಕಾದ ಮಧ್ಯಾಹ್ನದಲ್ಲಿ, ಸಾವಿರಾರು ಪೀಪಾಯಿ ಹೊತ್ತ ಮರದಿಂದ ಒಂದು ಸಣ್ಣ ಸದ್ದೂ ಇಲ್ಲ. ಅವನ ಮುಖದಿಂದ ತಮಾಷೆ ಇಳಿದು ಹೋಯಿತು. ಪೀಪಾಯಿಯ ಇನ್ನೊಂದು ಬದಿಗೂ ತಾನೇ ಬೆಣೆ ಇಟ್ಟು, ಕೈಗವಸು ಕಳಚಿ ಜೇಬಿಗೆ ಹಾಕಿಕೊಂಡ.

"ರಾಯ್ಸ್," ಎಂದ, "ನಾನು ಇಳೀತಿದೀನಿ."

"ಏನು?"

"ಇಳೀತಿದೀನಿ ಅಂದೆ. ನೀವೂ ಇಳೀರಿ. ಅಮ್ಮಾ, ಲೋಟ ಅಲ್ಲೇ ಬಿಡಿ. ಪೂರ್ವದ ಮೆಟ್ಟಿಲು. ಒಬ್ಬೊಬ್ಬರಾಗಿ, ಓಡ್ಬೇಡಿ."

"ಹ್ಯೂಬರ್ಟ್, ಇದು ನಿನ್ನ ತಮಾಷೆ ಆಗಿದ್ರೆ…"

"ನಾನು ತಮಾಷೆ ಮಾಡೋದನ್ನ ನೀನು ಎಷ್ಟು ವರ್ಷದಿಂದ ನೋಡ್ತಿದೀಯಾ? ನನ್ನ ಮುಖ ನೋಡು."

ಯಾರೂ ನಗಲಿಲ್ಲ. ಒಬ್ಬ ಹೆಂಗಸು ಲೋಟವನ್ನು ಪೀಪಾಯಿಯ ಮೇಲಿಟ್ಟು ಹೊರಟಳು, ಉಳಿದವರು ಅವಳ ಹಿಂದೆ. ಜೀಟಾ ಮೆಟ್ಟಿಲ ಬಾಯಲ್ಲಿ ನಿಂತು ತಲೆ ಎಣಿಸಿದಳು. ಏಳು, ಎಂಟು, ಒಂಬತ್ತು. ರಾಯ್ಸ್ ಕೊಳವೆ ಹಿಡಿದುಕೊಂಡೇ ನಿಂತಿದ್ದ, ಅದರ ತುದಿಯಿಂದ ವಿಸ್ಕಿ ಅವನ ಬೂಟಿಗೆ ತೊಟ್ಟಿಕ್ಕುತ್ತಿತ್ತು.

"ಇದೂ ಸುಳ್ಳಾದ್ರೆ ಮಿಸ್ ಜೀಟಾ, ಈ ಉಗ್ರಾಣದ ಬೀಗದ ಕೈ ನಿಮ್ಮತ್ರ ಇರೋಕೆ ನಾನು ಬಿಡೋಕಾಗಲ್ಲ. ಮೇಲಿನವರು ನನ್ನನ್ನೂ ಬಿಡಲ್ಲ."

"ಬೀಗದ ಕೈ ಕೆಳಗೆ ಕೊಡ್ತೀನಿ. ಮೊದ್ಲು ಇಳಿ."

ಅಂಗಳದಲ್ಲಿ ಅತಿಥಿಗಳು ಬಸ್ಸಿನ ಬಳಿ ಗುಂಪಾಗಿ ನಿಂತರು. ಕಟ್ಟಡ ಎಂದಿನಂತೆಯೇ ಕಪ್ಪು ಹಿಡಿದು ನಿಂತಿತ್ತು. ಹೊರಗಿನಿಂದ ಏನೂ ತಿಳಿಯುವಂತಿರಲಿಲ್ಲ. ಕಾಲು ಗಂಟೆ ಕಳೆಯಿತು. ಯಾರೋ ಗಡಿಯಾರ ನೋಡಿಕೊಂಡರು. ಜೀಟಾ ಬೀಗದ ಕೈಗೊಂಚಲು ತೆಗೆದು ರಾಯ್ಸನ ಅಂಗೈಯಲ್ಲಿಟ್ಟಳು.

ಹ್ಯೂಬರ್ಟ್ ತನ್ನ ಗಾಡಿಯಿಂದ ಮೀನು ಹಿಡಿಯುವ ಗಾಳದ ನೂಲು, ಸೀಸದ ಗುಂಡು ತಂದ. "ಒಳಗೆ ಹೋಗೋದು ಬೇಡ. ಹೊರಗೋಡೆಗೇ ಇಳಿಬಿಡೋಣ." ಬೆಂಕಿ ಆರಿಸುವವರ ಉದ್ದ ಏಣಿ ತರಿಸಿ ಪೂರ್ವದ ಮಾಡಿನ ಅಂಚಿಗೆ ನೂಲು ಕಟ್ಟಿದರು. ನೂಲು ಮೇಲಿನಿಂದ ಬುಡದವರೆಗೂ ಗೋಡೆಗೇ ಒರಗಿಕೊಂಡು ಇಳಿಯಿತು. ಪಶ್ಚಿಮದ ಬದಿಯಲ್ಲಿ ಕಟ್ಟಿದರು. ಅಲ್ಲಿ ಸೀಸದ ಗುಂಡು ಗೋಡೆಯಿಂದ ದೂರ, ಗಾಳಿಯಲ್ಲಿ ನೇತಾಡಿತು. ಹ್ಯೂಬರ್ಟ್ ಗುಂಡಿಗೂ ಗೋಡೆಗೂ ನಡುವೆ ತನ್ನ ಅಂಗೈ ತೂರಿಸಿದ. ಅಂಗೈ ಸಲೀಸಾಗಿ ಹೋಯಿತು; ಕಟ್ಟಡ ಪಶ್ಚಿಮಕ್ಕೆ ವಾಲಿತ್ತು.

ರಾಯ್ಸ್ ಹೋಗಿ ಅತಿಥಿಗಳ ಬಸ್ಸನ್ನು ಗೇಟಿನಾಚೆ ಕಳಿಸಿಬಂದ.

ಹೊರಗಿನಿಂದ ಪಶ್ಚಿಮದ ಗೋಡೆಗೆ ಮರದ ಆನಿಕೆಗಳನ್ನು ಕೊಟ್ಟು, ಆಮೇಲೆ ಹನ್ನೊಂದು ದಿನ ಪೀಪಾಯಿ ಇಳಿಸಿದರು. ಒಳಗೆ ಒಂದು ಹೊತ್ತಿಗೆ ನಾಲ್ವರೇ. ಕೆಳಗೆ ಮೊನೆಯ ಮೇಲೆ ಕಣ್ಣಿಟ್ಟು ಜೀಟಾ. ಅವಳು ಸುತ್ತಿಗೆಯಿಂದ ಕಂಬಕ್ಕೆ ಒಂದು ಸಲ ಬಡಿದರೆ ಮುಂದುವರಿಸಿ, ಎರಡು ಸಲ ಬಡಿದರೆ ಬಿಟ್ಟು ಓಡಿ. ಹನ್ನೊಂದು ದಿನದಲ್ಲಿ ಮೂರು ಸಲ ಎರಡೆರಡು ಏಟು ಬಿತ್ತು, ಮೂರು ಸಲವೂ ಅವರು ಓಡಿದರು. ಮೂರನೇ ಅಂತಸ್ತಿನ ಪಶ್ಚಿಮದ ಸಾಲು ಖಾಲಿಯಾದಾಗ ಅದರ ಹಿಂದೆ ಅಡಗಿದ್ದ ಕಂಬ ಕಂಡಿತು. ಉದ್ದಕ್ಕೆ ಸೀಳಿತ್ತು. ಸೀಳಿನ ಒಳಗೆ ಮರ ಹೊಸದಾಗಿ, ಹಳದಿಯಾಗಿತ್ತು. ರಾಯ್ಸ್ ಬೆರಳು ತೂರಿಸಿ ನೋಡಿದ, ಆಮೇಲೆ ಇಡೀ ಕೈ. ಮಣಿಕಟ್ಟಿನವರೆಗೆ ಹೋಯಿತು.

ಕಂಬ ಬದಲಾಯಿತು. ಮೊನೆ ಸುತ್ತಿನೊಳಗೆ ಬಂತು, ಆದರೆ ಮೊಳೆಯ ಮೇಲೆ ಇನ್ನೂ ಕೂತಿಲ್ಲ. ಕೂರದೆಯೂ ಇರಬಹುದು ಎನ್ನುತ್ತಾಳೆ ಜೀಟಾ.

ಹ್ಯೂಬರ್ಟ್ ಈಗಲೂ ಅವಳನ್ನು ಕಣಜ ಎಂದೇ ಕರೆಯುತ್ತಾನೆ. ಬೀಗದ ಕೈ ಆ ಗುರುವಾರದ ಮಾರನೆಯ ಬೆಳಿಗ್ಗೆಯೇ ಅವಳ ಚೀಲಕ್ಕೆ ವಾಪಸ್ಸು ಬಂದಿತ್ತು, ಯಾರು ಇಟ್ಟರೆಂದು ಅವಳು ಕೇಳಲಿಲ್ಲ. ಉಗ್ರಾಣ ಮತ್ತೆ ತೆರೆದ ದಿನ ಅವಳು ಕತ್ತಲಲ್ಲಿ ನಿಂತು ಕಿವಿಗೊಟ್ಟಿರುವಾಗ ಬಾಗಿಲ ಹೊರಗೆ ಹೆಜ್ಜೆ ನಿಂತಿತು. ರಾಯ್ಸ್. ಟೋಪಿ ಕೈಯಲ್ಲಿತ್ತು.

"ಒಳಗೆ ಬರ್ಬಹುದಾ ಮಿಸ್ ಜೀಟಾ?"

"ತಡಿ," ಎಂದಳು. "ಇನ್ನೂ ಪಶ್ಚಿಮ ಮಾತಾಡಿಲ್ಲ."

ಅವನು ಹೊಸ್ತಿಲ ಹೊರಗೇ ನಿಂತು ಕಾದ. ಬಿಸಿಲು ತಗಡಿಗೆ ತಾಗಿತು. ಪೂರ್ವದಲ್ಲಿ ಒಂದು ಮರ ಕಿರುಗುಟ್ಟಿತು. ಸ್ವಲ್ಪ ಹೊತ್ತಿನ ಮೇಲೆ, ಮೂರನೇ ಅಂತಸ್ತಿನ ಎತ್ತರದಲ್ಲಿ ಪಶ್ಚಿಮದ ಕಡೆಯಿಂದ ಇನ್ನೊಂದು. ಅವಳು ದೀಪ ಹಾಕಿದಳು.